ಗರ್ಭಕಂಠದ ಚಿಕಿತ್ಸೆಯಾದ ಮೇಲೆ: ಮನೆಮಂದಿ ತಿಳಿದಿರಬೇಕಾದ ಸಂಗತಿಗಳು



ಎರಡು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ಯಲಹಂಕದ ನಮ್ಮ ಪರಿಚಿತ ಕುಟುಂಬವೊಂದರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಊಟೋಪಚಾರ ಮುಗಿದು ನೆಂಟರಿಷ್ಟರು ಚದುರಿದ ಮೇಲೆ ಮನೆಯೊಡತಿಯು ನಮ್ಮ ಮನೆಯವರನ್ನು ಒಳಕೋಣೆಗೆ ಕರೆದು ಒಂದು ಹಳೆಯ ಲಕೋಟೆಯನ್ನು ಕೈಗಿತ್ತರು. “ಹಳೇ ಮನೆ ಖಾಲಿ ಮಾಡುವಾಗ ಬೀರುವಿನಲ್ಲಿ ಸೀರೆ ಕೆಳಗೆ ಸಿಕ್ಕಿತು ಅಕ್ಕ. ಡಾಕ್ಟರು ಎಲ್ಲಾ ತೆಗೆದಿದ್ದೀವಿ ಅಂದಿದ್ದರು. ಇದನ್ನ ಇಟ್ಟುಕೊಳ್ಳಬೇಕಾ, ಹರಿದುಹಾಕಲಾ?” ಎಂದು ಕೇಳಿದರು.

ಅದಕ್ಕೂ ಹದಿನಾಲ್ಕು ತಿಂಗಳ ಮೊದಲು ಆ ಸಹೋದರಿಗೆ ಗರ್ಭಕಂಠದಲ್ಲಿ ಅಸಹಜ ಜೀವಕೋಶಗಳು ಕಂಡುಬಂದು, ಒಂದೇ ದಿನದಲ್ಲಿ ಚಿಕಿತ್ಸೆಯಾಗಿ, ಸಂಜೆಗೆ ಮನೆ ಸೇರಿದ್ದರು. ಲಕೋಟೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಎರಡು ಹಾಳೆಗಳಿದ್ದವು. ಎರಡನೆಯ ಹಾಳೆಯ ಕೊನೆಯ ಸಾಲುಗಳಲ್ಲಿ, ತೆಗೆದ ತುಣುಕಿನ ಒಳ ಅಂಚಿನವರೆಗೂ ಅಸಹಜ ಜೀವಕೋಶಗಳಿವೆಯೆಂದೂ, ಆರು ತಿಂಗಳಿಗೆ ಮರುಪರೀಕ್ಷೆ ಅಗತ್ಯವೆಂದೂ ಸ್ಪಷ್ಟವಾಗಿ ಬರೆದಿತ್ತು. ಆ ಮನೆಯಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ. ಮಗಳ ಪರೀಕ್ಷೆ, ಮನೆ ಕಟ್ಟುವ ಗಡಿಬಿಡಿ, ಸಾಲದ ಓಡಾಟ ಇವುಗಳ ನಡುವೆ ಆರು ತಿಂಗಳು ಕಳೆದು, ಮತ್ತೆ ಎಂಟು ತಿಂಗಳು ಸರಿದಿದ್ದವು.

ಆ ಲಕೋಟೆಯೇ ಈ ಲೇಖನಕ್ಕೆ ಪ್ರೇರಣೆ. ಚಿಕಿತ್ಸೆ ಮಾಡಿಸಿಕೊಳ್ಳುವ ಧೈರ್ಯವನ್ನು ನಮ್ಮ ಮಾತೆಯರು ತೋರುತ್ತಾರೆ. ಆದರೆ ಚಿಕಿತ್ಸೆಯ ನಂತರ ಬರುವ ಕಾಗದವನ್ನು ಅರಿತು ನಡೆಯುವುದು ಚಿಕಿತ್ಸೆಯಷ್ಟೇ ಮುಖ್ಯವೆಂಬುದನ್ನು ಅನೇಕ ಮನೆಗಳಲ್ಲಿ ಮನಗಂಡಿಲ್ಲ. ಈ ಮಾತನ್ನು ತಿಳಿಯಪಡಿಸುವುದೇ ನಮ್ಮ ಉದ್ದೇಶ.

ಅಸಹಜ ಜೀವಕೋಶವೆಂದರೆ ಕ್ಯಾನ್ಸರ್ ಅಲ್ಲ

ಗರ್ಭಕೋಶದ ಕೆಳತುದಿಗೆ ಗರ್ಭಕಂಠವೆಂದು ಹೆಸರು. ಎಚ್.ಪಿ.ವಿ. ಎಂಬ ವೈರಾಣುವು ಇಲ್ಲಿ ಬಹುಕಾಲ ಬೀಡುಬಿಟ್ಟಾಗ ಮೇಲ್ಪದರದ ಜೀವಕೋಶಗಳು ತಮ್ಮ ಸಹಜ ರೂಪವನ್ನು ಕಳೆದುಕೊಳ್ಳುತ್ತವೆ. ಈ ವೈರಾಣುವೇ ಗರ್ಭಕಂಠದ ಕ್ಯಾನ್ಸರಿಗೆ ಮೂಲವೆಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಇದರ ಹಲವು ಬಗೆಗಳ ಪೈಕಿ 16 ಮತ್ತು 18 ಎಂಬ ಎರಡೇ ಬಗೆಗಳು ನೂರರಲ್ಲಿ ಸುಮಾರು ಎಪ್ಪತ್ತು ಪ್ರಕರಣಗಳಿಗೆ ಕಾರಣವಾಗಿವೆ.

ಆದರೆ ವೈರಾಣು ತಗುಲಿದ ಕೂಡಲೇ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಮಹಿಳೆಯರಲ್ಲಿ ದೇಹವೇ ಅದನ್ನು ಒಂದೆರಡು ವರ್ಷಗಳಲ್ಲಿ ಹೊರದೂಡುತ್ತದೆ. ಉಳಿದುಕೊಂಡರೂ ಕ್ಯಾನ್ಸರಿನ ಹಂತ ತಲುಪಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳು ಬೇಕಾಗುತ್ತವೆ. ಈ ನಡುಗಾಲದ ಬದಲಾವಣೆಗಳನ್ನು ವೈದ್ಯರು ಸಿ.ಐ.ಎನ್. ಎಂದು ಕರೆದು 1, 2, 3 ಎಂಬ ದರ್ಜೆಗಳಲ್ಲಿ ಗುರುತಿಸುತ್ತಾರೆ. ಒಂದನೆಯ ದರ್ಜೆಯು ಬಹುತೇಕ ತಾನಾಗಿಯೇ ಮಾಯುತ್ತದೆ. ಸಾಮಾನ್ಯವಾಗಿ ಅದನ್ನು ಕಾದು ನೋಡಿದರೆ ಸಾಕು. ಮೂರನೆಯ ದರ್ಜೆಯನ್ನು ಹಾಗೆ ಬಿಡಲಾಗದು. ಇವು ಕ್ಯಾನ್ಸರಿನ ದರ್ಜೆಗಳಲ್ಲ. ಕ್ಯಾನ್ಸರಿಗೆ ಮುಂಚಿನ ಮೆಟ್ಟಿಲುಗಳು.

ಹಾಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನ್ಯೂಜಿಲೆಂಡಿನಲ್ಲಿ ನಡೆದ ವಿಷಾದಕರ ಪ್ರಸಂಗವೇ ಸಾಕ್ಷಿ. ಆಕ್ಲೆಂಡ್ ನಗರದ ಮಹಿಳಾ ಆಸ್ಪತ್ರೆಯೊಂದರಲ್ಲಿ 1966ರಿಂದ ಕೆಲವು ವರ್ಷಗಳ ಕಾಲ ಇಂತಹ ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ನೀಡದೆ, ಅವರಿಗೆ ತಿಳಿಸದೆ, ಕೇವಲ ಗಮನಿಸುತ್ತ ಬರಲಾಯಿತು. ಇದು ಪತ್ರಿಕೆಯೊಂದರ ಮೂಲಕ ಬಯಲಾಗಿ 1987ರಲ್ಲಿ ಸರಕಾರಿ ವಿಚಾರಣೆ ನಡೆಯಿತು. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೂರನೆಯ ದರ್ಜೆಯ ಬದಲಾವಣೆಯಿದ್ದು ಸರಿಯಾದ ಚಿಕಿತ್ಸೆ ದೊರೆಯದವರಲ್ಲಿ ಮೂವತ್ತು ವರ್ಷಗಳೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಬಂದಿತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಚಿಕಿತ್ಸೆಯ ಫಲ ಎಷ್ಟು ದೊಡ್ಡದೆಂಬುದಕ್ಕೆ ಬೇರೆ ಮಾತು ಬೇಕಿಲ್ಲ. ಹಾಗೆಯೇ, ಅಸಹಜ ಜೀವಕೋಶಗಳು ಉಳಿದುಹೋದರೆ ಅವು ಸುಮ್ಮನಿರುವುದಿಲ್ಲವೆಂಬುದೂ ಇದರಿಂದ ವಿದಿತವಾಗುತ್ತದೆ.

ಕಾಗದದಲ್ಲಿ ಏನಿರುತ್ತದೆ?

ಚಿಕಿತ್ಸೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಅಸಹಜ ಭಾಗವನ್ನು ಅತಿಶೀತದಿಂದಲೋ ಶಾಖದಿಂದಲೋ ಸುಟ್ಟು ನಾಶಪಡಿಸುತ್ತಾರೆ. ಶೀತದ ಕ್ರಮಕ್ಕೆ ಕ್ರಯೋ ಎಂದೂ, ಶಾಖದ ಕ್ರಮಕ್ಕೆ ಥರ್ಮಲ್ ಅಬ್ಲೇಷನ್ ಎಂದೂ ಹೆಸರು. ಎರಡನೆಯದರಲ್ಲಿ ಆ ಭಾಗವನ್ನು ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಇದನ್ನು ಲೀಪ್ ಎನ್ನುತ್ತಾರೆ. ಕೆಲವೊಮ್ಮೆ ಚಾಕುವಿನಿಂದ ಶಂಕುವಿನಾಕಾರದಲ್ಲಿ ತೆಗೆಯುವುದೂ ಉಂಟು.

ಸುಟ್ಟಾಗ ಪರೀಕ್ಷೆಗೆ ತುಣುಕು ಉಳಿಯುವುದಿಲ್ಲ. ಆದುದರಿಂದ ಅಂಚಿನ ವರದಿಯೂ ಇರುವುದಿಲ್ಲ. ಚಿಕಿತ್ಸೆ ಫಲಿಸಿತೇ ಇಲ್ಲವೇ ಎಂಬುದನ್ನು ಹೇಳಲು ಮುಂದಿನ ಮರುಪರೀಕ್ಷೆಯೊಂದೇ ಗತಿ. ಕತ್ತರಿಸಿ ತೆಗೆದಾಗ ಮಾತ್ರ ತುಣುಕು ಪ್ರಯೋಗಾಲಯಕ್ಕೆ ಹೋಗುತ್ತದೆ; ಎರಡು ಮೂರು ವಾರಗಳೊಳಗೆ ವರದಿ ಬರುವುದು ವಾಡಿಕೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು.

ಮೊದಲನೆಯದು, ದರ್ಜೆ. ಸಿ.ಐ.ಎನ್. ಎಷ್ಟನೆಯದು? ಕೆಲವು ಪ್ರಯೋಗಾಲಯಗಳು ಎರಡು ಮತ್ತು ಮೂರನ್ನು ಸೇರಿಸಿ ಎಚ್.ಎಸ್.ಐ.ಎಲ್. ಎಂದೂ, ಒಂದನೆಯದನ್ನು ಎಲ್.ಎಸ್.ಐ.ಎಲ್. ಎಂದೂ ಬರೆಯುತ್ತವೆ.

ಎರಡನೆಯದು, ಕ್ಯಾನ್ಸರ್ ಆಳಕ್ಕೆ ಇಳಿದಿರುವ ಕುರುಹು ಇದೆಯೇ ಎಂಬುದು. ಇದ್ದರೆ ಮುಂದಿನ ದಾರಿಯೇ ಬೇರೆ. ತಡಮಾಡದೆ ಕ್ಯಾನ್ಸರ್ ತಜ್ಞರನ್ನು ಕಾಣಬೇಕು.

ಮೂರನೆಯದು, ಅಂಚು. ವೈದ್ಯರು ಇದನ್ನು ಮಾರ್ಜಿನ್ ಎನ್ನುತ್ತಾರೆ. ಹಣ್ಣಿನ ಕೊಳೆತ ಭಾಗವನ್ನು ಕೊಯ್ದು ತೆಗೆದಾಗ ಕೊಯ್ದ ಕಡೆ ಸುತ್ತಲೂ ಒಳ್ಳೆಯ ತಿರುಳು ಕಂಡರೆ ನೆಮ್ಮದಿ. ಕೊಳೆ ಅಂಚಿನವರೆಗೂ ಇದ್ದರೆ ಒಳಗೆ ಇನ್ನೂ ಉಳಿದಿರಬಹುದೆಂಬ ಶಂಕೆ. ಇಲ್ಲಿಯೂ ಹಾಗೆಯೇ. ಅಂಚು ‘ಫ್ರೀ’ ಎಂದಿದ್ದರೆ ಶುದ್ಧ. ‘ಇನ್ವಾಲ್ವ್ಡ್’ ಅಥವಾ ‘ಪಾಸಿಟಿವ್’ ಎಂದಿದ್ದರೆ ಅಸಹಜ ಜೀವಕೋಶಗಳು ಅಂಚನ್ನು ಮುಟ್ಟಿವೆ. ತಂತಿಯ ಶಾಖಕ್ಕೆ ಅಂಚು ಕಮರಿ ನಿರ್ಧರಿಸಲಾಗದು ಎಂದು ಬರೆದಿರುವುದೂ ಉಂಟು. ಅಂಚು ಶುದ್ಧವಿಲ್ಲವೆಂದ ಮಾತ್ರಕ್ಕೆ ಕೂಡಲೇ ಮತ್ತೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದಿಲ್ಲ. ವಯಸ್ಸು, ಮುಂದೆ ಮಕ್ಕಳ ಬಯಕೆ, ಅಂಚು ಒಳಗಿನದೋ ಹೊರಗಿನದೋ ಎಂಬುದನ್ನು ನೋಡಿ, ಹತ್ತಿರದ ಗಮನದಲ್ಲಿಡುವುದೋ ಮರುಚಿಕಿತ್ಸೆಯೋ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ನಾಲ್ಕನೆಯದು, ಗ್ರಂಥಿಗಳ ಜೀವಕೋಶಗಳಲ್ಲಿ ಬದಲಾವಣೆ ಇದೆಯೇ ಎಂಬುದು. ಇದು ವಿರಳವಾದುದು, ಆದರೆ ಇದ್ದಲ್ಲಿ ಚಿಕಿತ್ಸೆಯೂ ಅನುಸರಣೆಯೂ ಬೇರೆಯಾಗುತ್ತವೆ.

ಇನ್ನೊಂದು ಮಾತು. ಪರೀಕ್ಷೆಯ ಕಾಗದದಲ್ಲಿ ‘ನೆಗೆಟಿವ್’ ಎಂದಿರುವುದನ್ನು ಕಂಡು ಗಾಬರಿಯಾದವರನ್ನು ನಾವು ಬಲ್ಲೆವು. ಇಲ್ಲಿ ನೆಗೆಟಿವ್ ಎಂದರೆ ದೋಷ ಕಂಡಿಲ್ಲ, ಒಳ್ಳೆಯ ಸುದ್ದಿ ಎಂದೇ ಅರ್ಥ.

ಮೊದಲ ನಾಲ್ಕು ವಾರಗಳು

ಚಿಕಿತ್ಸೆಯ ನಂತರ ಕೆಲವು ದಿನ ಕಂದು ಅಥವಾ ಕಪ್ಪು ಬಣ್ಣದ ಸ್ರಾವವಾಗುವುದು ಸಹಜ. ರಕ್ತ ನಿಲ್ಲಿಸಲು ಹಚ್ಚಿದ ಔಷಧಿಯೂ ಅದಕ್ಕೆ ಕಾರಣ. ಕ್ರಯೋ ಆದವರಿಗೆ ನೀರಿನಂತಹ ಸ್ರಾವ ಕೆಲವು ವಾರಗಳವರೆಗೆ ಇರಬಹುದು. ನಾಲ್ಕು ವಾರಗಳ ಕಾಲ ದಾಂಪತ್ಯ ಸಂಪರ್ಕ ಕೂಡದು. ಒಳಗೆ ನೀರು ಹಾಕಿ ತೊಳೆಯುವುದು, ಕೊಳದಲ್ಲಿ ಈಜುವುದು ಬೇಡ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸಗಳನ್ನು ಮನೆಯ ಇತರರು ವಹಿಸಿಕೊಳ್ಳಬೇಕು. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ದುರ್ವಾಸನೆಯ ಸ್ರಾವ, ಜ್ವರ, ತಡೆಯಲಾಗದ ಹೊಟ್ಟೆನೋವು ಬಂದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆರನೆಯ ತಿಂಗಳ ಪರೀಕ್ಷೆ

ಗಾಯ ಮಾಯಿತು, ಸ್ರಾವ ನಿಂತಿತು, ಮುಟ್ಟು ಮೊದಲಿನಂತಾಯಿತು. ಇಲ್ಲಿಗೆ ಎಲ್ಲ ಮುಗಿಯಿತೆಂದು ಮನಸ್ಸು ಹೇಳುತ್ತದೆ. ನಮ್ಮ ಯಲಹಂಕದ ಸಹೋದರಿಗೂ ಹಾಗೆಯೇ ಅನ್ನಿಸಿತ್ತು. ಅಸಹಜ ಜೀವಕೋಶಗಳು ಉಳಿದಿದ್ದರೂ ನೋವಿರುವುದಿಲ್ಲ, ಸುಸ್ತಿರುವುದಿಲ್ಲ. ಅವು ಇವೆಯೆಂದು ತಿಳಿಯುವುದು ಪರೀಕ್ಷೆಯಿಂದ ಮಾತ್ರ.

ಈ ಮರುಪರೀಕ್ಷೆಯನ್ನು ಕೆಲವು ವೈದ್ಯರು ಆರು ತಿಂಗಳಿಗೆ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯು ಹನ್ನೆರಡು ತಿಂಗಳಿಗೆ ಎನ್ನುತ್ತದೆ. ಎರಡರಲ್ಲಿ ತಮ್ಮ ವೈದ್ಯರು ಬರೆದುಕೊಟ್ಟ ದಿನವನ್ನೇ ಪಾಲಿಸಬೇಕು. ಅದಕ್ಕಿಂತ ಬಹಳ ಮುಂಚೆ ಮಾಡಿಸಿದರೆ ಪ್ರಯೋಜನವಿಲ್ಲ. ಗಾಯ ಮಾಯುವಾಗಿನ ಜೀವಕೋಶಗಳೇ ಅಸಹಜವಾಗಿ ಕಾಣಬಹುದು, ವೈರಾಣು ದೇಹವನ್ನು ಬಿಡಲೂ ಕಾಲಾವಕಾಶ ಬೇಕು.

ಯಾವ ಪರೀಕ್ಷೆ ಎಂಬುದೂ ಮುಖ್ಯ. ಗ್ರೀಕ್ ಮೂಲದ ವೈದ್ಯ ಪಪನಿಕೊಲಾವ್ ಅವರ ಹೆಸರಿನಿಂದ ಬಂದ ಪ್ಯಾಪ್ ಸ್ಮಿಯರ್ ಪರೀಕ್ಷೆಯು ಜೀವಕೋಶಗಳ ರೂಪವನ್ನು ನೋಡುತ್ತದೆ. ಎಚ್.ಪಿ.ವಿ. ಪರೀಕ್ಷೆಯು ಮೂಲ ಕಾರಣವಾದ ವೈರಾಣುವನ್ನೇ ಹುಡುಕುತ್ತದೆ. ಚಿಕಿತ್ಸೆಯ ನಂತರದ ಅನುಸರಣೆಗೆ, ದೊರೆಯುವ ಕಡೆ, ಎರಡನೆಯದೇ ಮೇಲು. ಇದಕ್ಕೆ ಆಧಾರವುಂಟು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, ಅಂಚು ಶುದ್ಧವಾಗಿದ್ದವರಲ್ಲೂ ನೂರಕ್ಕೆ ಮೂರು ನಾಲ್ಕು ಮಂದಿಗೆ ದೋಷ ಉಳಿದಿತ್ತು ಅಥವಾ ಮರುಕಳಿಸಿತ್ತು, ಎಚ್.ಪಿ.ವಿ. ಪರೀಕ್ಷೆ ನೆಗೆಟಿವ್ ಬಂದವರಲ್ಲಿ ಈ ಪ್ರಮಾಣ ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಅಂದರೆ, “ಅಂಚು ಶುದ್ಧ” ಎಂಬ ವರದಿ ಬಂದವರೂ ಮರುಪರೀಕ್ಷೆಗೆ ಹೋಗಲೇಬೇಕು. ಅಂಚು ಅಶುದ್ಧವೆಂದು ಬಂದವರೂ ಎದೆಗುಂದಬೇಕಿಲ್ಲ. ಅವರಲ್ಲಿ ಬಹುಪಾಲು ಮಂದಿಗೆ ಮುಂದಿನ ಪರೀಕ್ಷೆಯು ಒಳ್ಳೆಯ ಸುದ್ದಿಯನ್ನೇ ತರುತ್ತದೆ.

ಪಾಸಿಟಿವ್ ಬಂದರೆ? ಅದು ಕ್ಯಾನ್ಸರಿನ ತೀರ್ಪಲ್ಲ. ಆಗ ಕಾಲ್ಪೊಸ್ಕೊಪಿ ಮಾಡುತ್ತಾರೆ. ದೊಡ್ಡದಾಗಿ ತೋರಿಸುವ ಕನ್ನಡಕದಂತಹ ಯಂತ್ರದಿಂದ ಗರ್ಭಕಂಠವನ್ನು ನೋಡಿ, ಸಂಶಯವಿದ್ದ ಕಡೆ ಸಣ್ಣ ತುಣುಕನ್ನು ಪರೀಕ್ಷೆಗೆ ತೆಗೆಯುವುದೇ ಕಾಲ್ಪೊಸ್ಕೊಪಿ. ದೋಷ ಉಳಿದಿದ್ದರೆ ಮರುಚಿಕಿತ್ಸೆಗೆ ಅವಕಾಶವಿದ್ದೇ ಇದೆ.

ಎಷ್ಟು ವರ್ಷ?

ಮೊದಲ ಪರೀಕ್ಷೆ ಚೆನ್ನಾಗಿ ಬಂದ ಮಾತ್ರಕ್ಕೆ ಅನುಸರಣೆ ಮುಗಿಯಿತೆಂದು ಭಾವಿಸಲಾಗದು. ಅಮೆರಿಕದ ವೈದ್ಯರ 2019ರ ಮಾರ್ಗಸೂಚಿಯಂತೆ, ಎರಡು ಅಥವಾ ಮೂರನೆಯ ದರ್ಜೆಗೆ ಚಿಕಿತ್ಸೆ ಪಡೆದವರು ಆರನೆಯ ತಿಂಗಳಿನಲ್ಲಿ ಒಂದು ಬಾರಿ, ಆಮೇಲೆ ಸತತವಾಗಿ ಮೂರು ಬಾರಿ ನೆಗೆಟಿವ್ ಬರುವ ತನಕ ವರ್ಷಕ್ಕೊಮ್ಮೆ, ಆನಂತರ ಮೂರು ವರ್ಷಕ್ಕೊಮ್ಮೆಯಂತೆ ಕನಿಷ್ಠ 25 ವರ್ಷ ಎಚ್.ಪಿ.ವಿ. ಪರೀಕ್ಷೆ ಮಾಡಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ ಇನ್ನೂ ಸರಳ: ಹನ್ನೆರಡು ತಿಂಗಳ ಪರೀಕ್ಷೆ ನೆಗೆಟಿವ್ ಬಂದರೆ ಎಲ್ಲರಂತೆ ನಿಯತಕಾಲದ ತಪಾಸಣೆ. ಯಾವ ಕ್ರಮವೇ ಆಗಲಿ, ತಪಾಸಣೆಯನ್ನು ಕೈಬಿಡಬಹುದೆಂದು ಯಾರೂ ಹೇಳುವುದಿಲ್ಲ. ಮೂರನೆಯ ದರ್ಜೆಗೆ ಚಿಕಿತ್ಸೆ ಪಡೆದ ಮಹಿಳೆಯರನ್ನು ಸ್ವೀಡನ್ನಿನಲ್ಲಿ ದಶಕಗಳ ಕಾಲ ಅನುಸರಿಸಿ ನೋಡಿದಾಗ, ಇತರರಿಗಿಂತ ಅವರಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚೆಂದೂ, ಅರವತ್ತು ದಾಟಿದ ಮೇಲೆ ಅದು ಇನ್ನೂ ಏರುತ್ತದೆಂದೂ ಕಂಡುಬಂದಿದೆ. ನಲವತ್ತರಲ್ಲಿ ಚಿಕಿತ್ಸೆ ಪಡೆದ ತಾಯಿಯು ಅಜ್ಜಿಯಾದ ಮೇಲೂ ಈ ನೇಮವನ್ನು ಬಿಡಬಾರದು.

“ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ತಂಟೆ ತಪ್ಪೀತಲ್ಲ?” ಎಂದು ಅನೇಕರು ಕೇಳುತ್ತಾರೆ. ಅಸಹಜ ಜೀವಕೋಶಕ್ಕೆ ಮೊದಲ ಚಿಕಿತ್ಸೆಯಾಗಿ ಗರ್ಭಕೋಶ ತೆಗೆಯುವುದು ಸಾಮಾನ್ಯವಾಗಿ ಅಗತ್ಯವಿಲ್ಲ. ನಮ್ಮ ರಾಜ್ಯದ ಕಲಬುರಗಿ ಭಾಗದಲ್ಲಿಯೇ ಬಡ ಹೆಣ್ಣುಮಕ್ಕಳಿಗೆ ಅನವಶ್ಯಕವಾಗಿ ಗರ್ಭಕೋಶ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಬೆಳಕಿಗೆ ಬಂದುದನ್ನು ಮರೆಯಲಾಗದು. ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವಿವೇಕ. ಸಕಾರಣವಾಗಿ ತೆಗೆದವರಿಗೂ ಯೋನಿಯ ಮೇಲ್ತುದಿಯಿಂದ ಮಾದರಿ ತೆಗೆದು ಪರೀಕ್ಷಿಸುವ ಅನುಸರಣೆ ತಪ್ಪುವುದಿಲ್ಲ.

ಮನೆಯೊಳಗಿನ ಮಾತು

ಎಚ್.ಪಿ.ವಿ. ಎಂಬ ಮೂರಕ್ಷರ ಮನೆಯಲ್ಲಿ ಅನುಮಾನದ ಕಿಡಿ ಹೊತ್ತಿಸಬಾರದು. ಈ ವೈರಾಣು ದಾಂಪತ್ಯ ಸಂಪರ್ಕದಿಂದ ಹರಡುವುದು ನಿಜ. ಆದರೆ ಅದು ಅತ್ಯಂತ ಸಾಮಾನ್ಯವಾದುದು, ಜೀವನದಲ್ಲಿ ಒಮ್ಮೆಯಾದರೂ ಬಹುತೇಕ ಎಲ್ಲರಿಗೂ ತಗುಲುವಂತಹುದು. ಯಾವ ಸುಳಿವೂ ಕೊಡದೆ ಹತ್ತಾರು ವರ್ಷ ಅಡಗಿರಬಲ್ಲದು. ಇಂದು ಪಾಸಿಟಿವ್ ಬಂದುದರಿಂದ ಯಾವಾಗ, ಯಾರಿಂದ ಎಂಬುದನ್ನು ಯಾವ ವೈದ್ಯರೂ ಹೇಳಲಾರರು. ಪತಿಯು ಪತ್ನಿಯನ್ನು, ಪತ್ನಿಯು ಪತಿಯನ್ನು ಶಂಕಿಸುವುದಕ್ಕೆ ಇಲ್ಲಿ ಆಧಾರವಿಲ್ಲ.

ನಮ್ಮ ಶರಣರು ಒಪ್ಪದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಹೆಣ್ಣಿನ ದೇಹಧರ್ಮವನ್ನು ಮೈಲಿಗೆಯೆಂದು ಎಣಿಸದ ಪರಂಪರೆಯ ಮನೆಗಳಲ್ಲಿ ಗರ್ಭಕಂಠವೆಂಬ ಮಾತನ್ನಾಡಲು ಸಂಕೋಚವೇಕೆ? ಲಕೋಟೆ ಸೀರೆಗಳ ಅಡಿ ಸೇರುವುದು ಈ ಸಂಕೋಚದಿಂದಲೇ. ಪರೀಕ್ಷೆಯ ದಿನ ಮಡದಿಯೊಡನೆ ಹೋಗುವುದು, ತಾಯಿಯ ವರದಿಯನ್ನು ಕಾಲೇಜು ಓದುವ ಮಗಳು ಓದಿ ಹೇಳುವುದು ನಾಚಿಕೆಯ ಸಂಗತಿಗಳಲ್ಲ.

ಇನ್ನೂ ಮಕ್ಕಳಾಗಬೇಕಾದ ತರುಣಿಯರಿಗೆ ಒಂದು ಸಮಾಧಾನ. ಈ ಚಿಕಿತ್ಸೆಯಿಂದ ಗರ್ಭ ನಿಲ್ಲುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆಳವಾಗಿ ಕತ್ತರಿಸಿದವರಲ್ಲಿ ದಿನ ತುಂಬುವ ಮುನ್ನ ಹೆರಿಗೆಯಾಗುವ ಸಂಭವ ತುಸು ಹೆಚ್ಚು. ಆದುದರಿಂದ ಗರ್ಭಿಣಿಯಾದ ಕೂಡಲೇ ಹೆರಿಗೆಯ ವೈದ್ಯರಿಗೆ ಈ ವಿಷಯವನ್ನು ತಿಳಿಸಿ, ಹಳೆಯ ಕಾಗದಗಳನ್ನು ತೋರಿಸಬೇಕು.

ನಮ್ಮ ಭಾಗದವರಿಗೆ

ಬೆಂಗಳೂರಿನ ಉತ್ತರ ಭಾಗದವರಿಗೆ ಅನುಕೂಲಗಳು ಕಡಿಮೆಯೇನಿಲ್ಲ. ಯಲಹಂಕದಲ್ಲಿ ಸರಕಾರಿ ಸಾರ್ವಜನಿಕ ಆಸ್ಪತ್ರೆಯಿದೆ. ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. ಯಶವಂತಪುರ ಮತ್ತಿಕೆರೆಯ ಕಡೆಯವರಿಗೆ ಎಂ.ಎಸ್. ರಾಮಯ್ಯ ಆಸ್ಪತ್ರೆಯೂ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯೂ ಹತ್ತಿರ. ಕ್ಯಾನ್ಸರಿನ ಸಂಶಯ ಬಲವಾದಾಗ 1973ರಲ್ಲಿಯೇ ಆರಂಭವಾದ ಕಿದ್ವಾಯಿ ಸಂಸ್ಥೆಗೆ ಕಳುಹಿಸುವುದುಂಟು, ಆರ್.ಟಿ. ನಗರದಿಂದ ಊರಿನ ಇನ್ನೊಂದು ತುದಿಗೆ ಹೋಗುವ ಪ್ರಯಾಸವಾದರೂ ಅದು ಸಾರ್ಥಕವಾದ ಪ್ರಯಾಸ. ಯಾವ ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಯಾವ ವಾರ ಎಂಬುದನ್ನು ಮೊದಲೇ ವಿಚಾರಿಸಿ ಹೋಗುವುದು ಲೇಸು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಇರುವವರು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ತಮಗೆ ಹೇಳಿದ ಚಿಕಿತ್ಸೆ ಯೋಜನೆಯೊಳಗೆ ಬರುವುದೇ ಎಂದು ಕೇಳಬೇಕು.

ಇಪ್ಪತ್ತೈದು ವರ್ಷದ ಅನುಸರಣೆಯಲ್ಲಿ ವೈದ್ಯರು ಬದಲಾಗುತ್ತಾರೆ, ಮನೆ ಬದಲಾಗುತ್ತದೆ, ಆಸ್ಪತ್ರೆಯ ಹೆಸರೇ ಬದಲಾಗುತ್ತದೆ. ಹೆಬ್ಬಾಳದ ಕೊಲಂಬಿಯಾ ಏಷ್ಯಾ ಆಸ್ಪತ್ರೆಯು 2021ರಲ್ಲಿ ಮಣಿಪಾಲ್ ಸಮೂಹಕ್ಕೆ ಸೇರಿದುದು ಈ ಭಾಗದವರಿಗೆಲ್ಲ ತಿಳಿದ ಸಂಗತಿ. ಹೀಗಿರುವಾಗ ಮನೆಯಲ್ಲಿರುವ ಕಡತವೇ ನಂಬಿಕಸ್ತ ಸಾಕ್ಷಿ. ಮೊದಲ ಪ್ಯಾಪ್ ವರದಿ, ಕಾಲ್ಪೊಸ್ಕೊಪಿಯ ಟಿಪ್ಪಣಿ, ತುಣುಕಿನ ವರದಿ, ಬಿಡುಗಡೆಯ ಚೀಟಿ, ನಂತರದ ಎಲ್ಲ ಪರೀಕ್ಷೆಗಳು ಇವನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಮನೆಯ ಪತ್ರ, ಬ್ಯಾಂಕಿನ ಪಾಸ್ ಪುಸ್ತಕಗಳ ಜೊತೆಯಲ್ಲಿಯೇ ಅದಕ್ಕೂ ಸ್ಥಾನವಿರಲಿ. ಬೇರೆ ಆಸ್ಪತ್ರೆಗೆ ಹೋಗುವಾಗ ಪ್ರಯೋಗಾಲಯದಿಂದ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಬಹುದು.

ಇನ್ನೂ ಒಮ್ಮೆಯೂ ತಪಾಸಣೆ ಮಾಡಿಸಿಕೊಳ್ಳದ ಮಾತೆಯರಿಗೂ ನಮ್ಮ ವಿನಂತಿಯಿದೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿತೆಂದೂ, ಸುಮಾರು 80 ಸಾವಿರ ಮಂದಿ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅಂದಾಜು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ತಪಾಸಣೆಯ ಫಲಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. ನಮ್ಮ ಬೀದರ್ ಕಲಬುರಗಿ ಗಡಿಗೆ ಹೊಂದಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 1999ರಲ್ಲಿ ಆರಂಭವಾದ ಅಧ್ಯಯನದಲ್ಲಿ 1.31 ಲಕ್ಷ ಹಳ್ಳಿಯ ಮಹಿಳೆಯರು ಪಾಲ್ಗೊಂಡರು. ಒಂದೇ ಒಂದು ಬಾರಿ ಎಚ್.ಪಿ.ವಿ. ಪರೀಕ್ಷೆಯ ಅವಕಾಶ ಒದಗಿಸಿ, ದೋಷವಿದ್ದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವೆಂದು 2009ರಲ್ಲಿ ವರದಿಯಾಯಿತು. ಅಲ್ಲಿನ ಹಳ್ಳಿಗಳ ತಾಯಂದಿರಿಗೆ ಸಾಧ್ಯವಾದುದು ನಗರದಲ್ಲಿರುವ ನಮಗೆ ಅಸಾಧ್ಯವೇ?

ಯಲಹಂಕದ ಆ ಸಹೋದರಿಯ ವಿಚಾರ ಹೇಳಿ ಮುಗಿಸುತ್ತೇವೆ. ಗೃಹಪ್ರವೇಶವಾದ ಮರುವಾರವೇ ಪತಿಯೊಡನೆ ಆಸ್ಪತ್ರೆಗೆ ಹೋದರು. ಎಚ್.ಪಿ.ವಿ. ಪಾಸಿಟಿವ್ ಬಂದಿತು. ಕಾಲ್ಪೊಸ್ಕೊಪಿಯಲ್ಲಿ ಗರ್ಭಕಂಠದ ಒಳಭಾಗದಲ್ಲಿ ಮೂರನೆಯ ದರ್ಜೆಯ ಬದಲಾವಣೆ ಉಳಿದಿರುವುದು ಕಂಡಿತು. ಕ್ಯಾನ್ಸರ್ ಆಗಿರಲಿಲ್ಲ. ಎರಡನೆಯ ಬಾರಿ ಲೀಪ್ ಆಯಿತು; ಈ ಸಲ ಅಂಚು ಶುದ್ಧವೆಂದು ಬಂದಿತು; ಆರು ತಿಂಗಳ ಪರೀಕ್ಷೆಯೂ ನೆಗೆಟಿವ್ ಆಯಿತು. ಅಂದು ಆ ಲಕೋಟೆ ಹರಿದು ಕಸದ ಬುಟ್ಟಿ ಸೇರಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ನಮ್ಮ ಮನಸ್ಸು ಕಳವಳಗೊಳ್ಳುತ್ತದೆ.

ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಬ್ಬ ಹುಣ್ಣಿಮೆಗಳ ನಡುವೆ ಮುಂದಿನ ಪರೀಕ್ಷೆಯ ದಿನಕ್ಕೆ ಕೆಂಪು ಗುರುತಿದೆ. ಆ ಗುರುತು ಹಾಕಿದವಳು ಅವರ ಮಗಳು. ಓದುಗ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ತಮ್ಮ ಮನೆಯ ಬೀರುವಿನಲ್ಲಿಯೂ ಅಂತಹ ಲಕೋಟೆ ಇದ್ದರೆ ಇಂದೇ ತೆಗೆದು ಓದಿಸಿರಿ.